ಸಕ್ಕರೆಯನ್ನು ಉಗುಳಿದ ಬಸವಣ್ಣೆಮ್ಮ

ಮೊದಲು ವಾಸನೆ ಬಂತು. ರೊಟ್ಟಿ ಸೀದ ವಾಸನೆಯಲ್ಲ, ಅದಾದರೆ ಬಸವಣ್ಣೆಮ್ಮನಿಗೆ ನಿದ್ದೆಯಲ್ಲೂ ಗೊತ್ತಾಗುತ್ತದೆ. ಇದು ಕೂದಲು ಸುಟ್ಟಂಥ ಕಮಟು ವಾಸನೆ. ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕುತ್ತ ಆಕೆ ಸೊಸೆಗೆ ಹೇಳಿದಳು:

"ಏನೋ ಸುಡಾಕತ್ತೈತಿ ನೋಡ ಶಿವಕುಮಾರಿ. ಅರಿವಿ ಗಿರಿವಿ ಒಲಿಗೆ ಬಿತ್ತೇನು?"

ಎದುರಿಗೆ ಕೂತು ಹಿಟ್ಟು ನಾದುತ್ತಿದ್ದ ಶಿವಕುಮಾರಿ ತಲೆ ಎತ್ತಿದಳು. ಒಲೆಯ ಸುತ್ತ ಕಣ್ಣಾಡಿಸಿದಳು. ಆಮೇಲೆ ಚೀರಿದಳು.

"ಅತ್ತೀ! ಕಾಲು! ನಿಮ್ಮ ಕಾಲು ಸುಡಾಕತ್ತೈತ್ರೀ!"

ಬಸವಣ್ಣೆಮ್ಮ ಒಲೆಯ ಪಕ್ಕಕ್ಕೆ ಚಾಚಿದ್ದ ತನ್ನ ಎಡಗಾಲನ್ನು ನೋಡಿಕೊಂಡಳು. ಹತ್ತಿಕಟ್ಟಿಗೆಯ ಒಂದು ಕೆಂಡ ಒಲೆಯಿಂದ ಸಿಡಿದು ಕಿರುಬೆರಳಿಗೂ ಅದರ ಪಕ್ಕದ ಬೆರಳಿಗೂ ನಡುವೆ ಸಿಕ್ಕಿಕೊಂಡು ಸಣ್ಣಗೆ ಹೊಗೆಯಾಡುತ್ತಿತ್ತು. ಸೊಸೆ ಹಿಟ್ಟಿನ ಕೈಯಲ್ಲೇ ಅದನ್ನು ಬಡಿದು ಕೆಡವಿ ತಂಬಿಗೆ ನೀರು ಸುರಿದಳು. ಚೊಂಯ್ ಅಂದಿತು. ಬೆರಳ ಸಂದಿಯಲ್ಲಿ ಚರ್ಮ ಕರ್ರಗಾಗಿ ಸುಲಿದಿತ್ತು.

"ಉರಿ ಎಷ್ಟೈತ್ರೀ ಅತ್ತೀ?"

ಉರಿ ಇರಲಿಲ್ಲ. ಬಸವಣ್ಣೆಮ್ಮ ಸುಟ್ಟ ಜಾಗವನ್ನು ಬೆರಳಿನಿಂದ ಒತ್ತಿ ನೋಡಿಕೊಂಡಳು. ಬೇರೆ ಯಾರದೋ ಕಾಲು ಮುಟ್ಟಿದಂತಾಯಿತು.

ಮಸ್ಕಿಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಬಸವಣ್ಣೆಮ್ಮನ ರೊಟ್ಟಿ ಕೇಂದ್ರ ಗೊತ್ತಿಲ್ಲದವರು ಕಡಿಮೆ. ಮುಂದೆ ತಗಡಿನ ಚಪ್ಪರ, ಒಳಗೆ ಎರಡು ಒಲೆ, ಗೋಡೆಗೆ ಒರಗಿಸಿದ ಜೋಳದ ಹಿಟ್ಟಿನ ಚೀಲಗಳು. ಗಂಡ ಆದೆಪ್ಪ ಬೆಳಿಗ್ಗೆ ಮೊಪೆಡ್ ಮೇಲೆ ಬುಟ್ಟಿ ಕಟ್ಟಿಕೊಂಡು ಲಿಂಗಸುಗೂರಿನ ಖಾನಾವಳಿಗಳಿಗೆ ರೊಟ್ಟಿ ಮುಟ್ಟಿಸಿ ಬರುತ್ತಾನೆ. ಮಗ ಭತ್ತ ಕೊಯ್ಯುವ ಮಶೀನಿನ ಡ್ರೈವರ್. ಕಾಲುವೆ ಕೆಳಗಿನ ಊರುಗಳಲ್ಲಿ ಸುಗ್ಗಿ ಶುರುವಾದರೆ ಅವನ ಮುಖ ಕಾಣುವುದೇ ಅಪರೂಪ. ಅತ್ತೆ ಸೊಸೆ ಇಬ್ಬರೇ ಕೂತು ಬಡಿಯುತ್ತಾರೆ. ಬಸವಣ್ಣೆಮ್ಮ ತಟ್ಟಿದ ರೊಟ್ಟಿ ತೆಳ್ಳಗೆ, ಅಂಚು ಒಡೆಯದೆ, ಬೆಳಕಿಗೆ ಹಿಡಿದರೆ ಆಚೆಗಿನ ಕೈ ಕಾಣುವಂತಿರುತ್ತದೆ. ಊರಲ್ಲಿ ದಾಸೋಹವಾಗಲಿ ಗೃಹಪ್ರವೇಶವಾಗಲಿ ಖಡಕ್ ರೊಟ್ಟಿ ಆಕೆಯ ಕೈಯದೇ ಆಗಬೇಕು.

ಇಷ್ಟು ವರ್ಷ ಆಕೆಗೆ ಕೈಯ ಚಿಂತೆ ಇತ್ತೇ ಹೊರತು ಕಾಲಿನದಲ್ಲ. ಈಗ ಕಾಲಿಗೆ ಅರಿಷಿಣ ಹಚ್ಚಿ, ಹಳೆ ಸೀರೆಯ ಚೂರು ಸುತ್ತಿ, ಸೊಸೆಯ ಕಡೆ ತಿರುಗಿ ಹೇಳಿದಳು:

"ನಿಮ್ಮ ಮಾವಗ ಹೇಳಬ್ಯಾಡ."

ಹೇಳಬಾರದು ಅಂದದ್ದಕ್ಕೆ ಕಾರಣವಿತ್ತು. ಆಕೆಯ ಅಕ್ಕ ಹಂಪಮ್ಮನನ್ನು ಪಾಮನಕಲ್ಲೂರಿಗೆ ಕೊಟ್ಟಿದ್ದರು. ಹೊಲದಲ್ಲಿ ಗಂಡಸರ ಸಮ ದುಡಿದ ಹೆಂಗಸು. ಒಮ್ಮೆ ಚಪ್ಪಲಿಯೊಳಗೆ ಮುಳ್ಳು ಮುರಿದದ್ದು ಗೊತ್ತಾಗದೆ ಇಡೀ ದಿನ ಕಳೆ ತೆಗೆದಿದ್ದಳು. ಬಸವಣ್ಣೆಮ್ಮ ನೋಡಲು ಹೋದಾಗ ಅಕ್ಕ ನಗುತ್ತಲೇ ಹೇಳಿದ್ದಳು: "ನೋವ ಇಲ್ಲ ಬೇ ತಂಗಿ. ನೋವಿಲ್ಲ ಅಂದಮ್ಯಾಲ ಏನಾಗತೈತಿ?" ಆದದ್ದನ್ನು ಬಸವಣ್ಣೆಮ್ಮ ಕಣ್ಣಾರೆ ನೋಡಿದ್ದಳು. ಮೊದಲು ಹೆಬ್ಬೆರಳು ಹೋಯಿತು. ಮಳೆಗಾಲ ಮುಗಿಯುವುದರೊಳಗೆ ಪಾದ ಹೋಯಿತು. ಆಮೇಲೆ ಮೊಣಕಾಲಿನವರೆಗೆ. ಕೊನೆಗೆ ಹಂಪಮ್ಮ ಹಾಸಿಗೆಯ ಮೇಲೆ ಕೂತು, ಇಲ್ಲದ ಕಾಲು ತುರಿಸುತ್ತದೆ ಎಂದು ಅಳುತ್ತಿದ್ದಳು. ಆ ಅಳು ನಿಂತದ್ದು ಆಕೆ ತೀರಿಕೊಂಡ ಮೇಲೆಯೇ.

ಅಕ್ಕನ ಆ ಸಕ್ಕರೆ ಕಾಯಿಲೆಯ ಹೆಸರನ್ನು ಬಸವಣ್ಣೆಮ್ಮ ಅಂದಿನಿಂದ ಬಾಯಿಗೆ ತಂದವಳಲ್ಲ. ತನಗೆ ಬಾಯಾರಿಕೆ ಹೆಚ್ಚಾದರೆ ಒಲೆಯ ಝಳ ಅಂದಳು. ಪದೇ ಪದೇ ಹೊರಗೆ ಹೋಗಬೇಕಾದರೆ ನೀರು ಹೆಚ್ಚು ಕುಡಿದೆ ಅಂದಳು. ಪಾದ ಜೋಮು ಹಿಡಿದರೆ ಕೂತು ಕೂತು ಹಿಂಗಾಗಿದೆ ಅಂದಳು. ಈಗ ಅನ್ನಲು ಏನೂ ಉಳಿದಿರಲಿಲ್ಲ.

ಗಾಯ ಮಾಯಲಿಲ್ಲ. ಬಟ್ಟೆ ಬಿಚ್ಚಿದಾಗೆಲ್ಲ ಅದರ ಅಂಚು ಇನ್ನಷ್ಟು ಸರಿದಂತೆ ಕಾಣುತ್ತಿತ್ತು. ಶಿವಕುಮಾರಿ ಎಷ್ಟು ದಿನ ಬಾಯಿ ಕಟ್ಟಿಕೊಂಡಾಳು? ಒಂದು ಬೆಳಿಗ್ಗೆ ಮಾವನೆದುರು ಅತ್ತೇಬಿಟ್ಟಳು. ಆದೆಪ್ಪ ಹೆಂಡತಿಯನ್ನು ಬೈಯಲಿಲ್ಲ. ಮೊಪೆಡ್ಡಿನ ರೊಟ್ಟಿಬುಟ್ಟಿ ಕೆಳಗಿಳಿಸಿ, "ಹತ್ತು. ಸಿಂಧನೂರಿಗೆ ಹೋಗೂಣು" ಅಂದ, ಅಷ್ಟೇ.

ಸಿಂಧನೂರಿನ ಡಾಕ್ಟರು ಮಧ್ಯವಯಸ್ಸಿನ ಹೆಂಗಸು. ಗಾಯ ತೊಳೆದು, ಪಾದದ ಮೇಲೆ ಅಲ್ಲಲ್ಲಿ ಸಣ್ಣ ತಂತಿಯೊಂದನ್ನು ಒತ್ತಿ, "ಗೊತ್ತಾಗತೈತೇನ್ರೀ?" ಎಂದು ಕೇಳುತ್ತ ಹೋದರು. ಬಸವಣ್ಣೆಮ್ಮ ಕಣ್ಣು ಮುಚ್ಚಿ ಕೂತಿದ್ದಳು. ಯಾವಾಗ ಒತ್ತಿದರು, ಯಾವಾಗ ಬಿಟ್ಟರು ಎಂಬುದೇ ತಿಳಿಯದೆ ಸುಮ್ಮನೆ "ಹೂಂ, ಹೂಂ" ಅಂದಳು. ಡಾಕ್ಟರು ತಂತಿ ಕೆಳಗಿಟ್ಟು ಹೇಳಿದರು: "ನಾ ಈಗ ಮುಟ್ಟೇ ಇಲ್ಲ ನೋಡ್ರಿ."

ರಕ್ತದಲ್ಲಿ ಸಕ್ಕರೆ ನಾನೂರರ ಮೇಲಿತ್ತು. ಡಾಕ್ಟರು ಎರಡು ನಮೂನೆಯ ಗುಳಿಗೆ ಬರೆದರು. ಅನ್ನ ಬಿಡಬೇಕು, ರೊಟ್ಟಿ ಕಡಿಮೆ ಮಾಡಬೇಕು, ಹೊತ್ತಿಗೆ ಸರಿಯಾಗಿ ಉಣ್ಣಬೇಕು, ಈ ಗುಳಿಗೆ ನುಂಗಿ ಉಪವಾಸ ಮಾಡಬಾರದು ಎಂದು ನಿಧಾನವಾಗಿ ಹೇಳಿದರು. ಆದರೆ ಅದಕ್ಕೂ ಮೊದಲು ಅವರು ಇನ್ನೊಂದು ಮಾತು ಆಡಿದ್ದರು: "ಗಾಯ ಮಾಯದಿದ್ದರ ಬೆರಳು ತೆಗೀಬೇಕಾಗಬಹುದು." ಬಸವಣ್ಣೆಮ್ಮನ ಕಿವಿ ಆ ಮಾತಿಗೇ ಮುಚ್ಚಿಹೋಗಿತ್ತು. ಉಳಿದದ್ದೆಲ್ಲ ಆಚೆ ದಂಡೆಯಿಂದ ಯಾರೋ ಕೂಗಿದಂತೆ ಕೇಳಿಸಿತು. ಆದೆಪ್ಪ ಚೀಟಿ ಹಿಡಿದು ಔಷಧಿ ಅಂಗಡಿಯ ಮುಂದೆ ಪಾಳಿಯ ಸಾಲಿನಲ್ಲಿ ನಿಂತಿದ್ದ, ಅವನಿಗೂ ಕೇಳಲಿಲ್ಲ.

ಅಂದಿನಿಂದ ಆಕೆ ರೊಟ್ಟಿಗೆ ಹೆದರತೊಡಗಿದಳು. ದಿನವಿಡೀ ಅದರ ನಡುವೆ ಕೂತಿರುವವಳು. ಹಂಚಿನಿಂದ ಇಳಿದ ರೊಟ್ಟಿಯ ಬಿಸಿ ವಾಸನೆ ಮೂಗಿಗೆ ಬಡಿದು ಬಾಯಲ್ಲಿ ನೀರೂರಿದರೆ ಎದೆ ಧಸಕ್ಕೆನ್ನುವುದು. ಡಾಕ್ಟರು ಕಡಿಮೆ ಮಾಡಿ ಅಂದರು, ಆಕೆ ಪೂರಾ ಬಿಟ್ಟಳು. ಶಿವಕುಮಾರಿಯ ಮೊಬೈಲಿನಲ್ಲಿ ಯಾರೋ ಒಬ್ಬ, ಕಾಳು ಕಡಿ ಬಿಟ್ಟು ಉಪವಾಸ ಹಿಡಿದರೆ ಸಕ್ಕರೆ ಹೇಳಹೆಸರಿಲ್ಲದೆ ಹೋಗುತ್ತದೆ, ತನ್ನದು ಹಾಗೇ ಹೋಯಿತು ಎಂದು ಹೇಳುವುದನ್ನು ಮತ್ತೆ ಮತ್ತೆ ಹಾಕಿಸಿಕೊಂಡು ಕೇಳಿದಳು. ಆತ ಗುಳಿಗೆಯ ಬಗ್ಗೆ ಏನು ಹೇಳಿದ ಎಂಬುದು ಆಕೆಗೆ ಬೇಕಿರಲಿಲ್ಲ. ಗುಳಿಗೆ ಬಿಡಲು ಹೆದರಿಕೆ, ಉಣ್ಣಲೂ ಹೆದರಿಕೆ. ಗುಳಿಗೆಯನ್ನೂ ನುಂಗಿ ಉಪವಾಸವನ್ನೂ ಮಾಡಿದರೆ ಎರಡು ಪಟ್ಟು ಬೇಗ ಇಳಿದೀತು ಎಂದು ತನಗೆ ತಾನೇ ಲೆಕ್ಕ ಹಾಕಿದಳು.

ಮೊದಮೊದಲು ಎಲ್ಲ ಸರಿಯಾಗಿಯೇ ನಡೆಯಿತು. ಬಟ್ಟಲಲ್ಲಿ ಪುಂಡಿಪಲ್ಲೆ, ಬದನೆಕಾಯಿ, ಸೌತೆಕಾಯಿ, ಮೇಲೆ ಉದುರಿಸಿಕೊಳ್ಳಲು ಶೇಂಗಾ ಹಿಂಡಿ, ಒಂದು ಲೋಟ ಮಜ್ಜಿಗೆ. ರೊಟ್ಟಿಯಿಲ್ಲದೆ ಪಲ್ಲೆಯನ್ನು ಚಮಚದಿಂದ ತಿನ್ನುವ ಹೆಂಡತಿಯನ್ನು ನೋಡಿ ಆದೆಪ್ಪ ತನ್ನ ತಟ್ಟೆಯ ರೊಟ್ಟಿ ಮುರಿದು ಚಾಚುತ್ತಿದ್ದ. "ಅರ್ಧಾರ ತಿನ್ನು" ಅಂದರೆ ಆಕೆ ಬಟ್ಟಲು ಆಚೆ ತಿರುಗಿಸಿಕೊಳ್ಳುತ್ತಿದ್ದಳು. ಊರಿನ ಲ್ಯಾಬಿನಲ್ಲಿ ನೋಡಿಸಿದಾಗ ಸಕ್ಕರೆ ಅರ್ಧಕ್ಕಿಂತ ಕೆಳಗೆ ಇಳಿದಿತ್ತು. ಇನ್ನೊಬ್ಬರಾದರೆ ಹಿಗ್ಗುತ್ತಿದ್ದರು. ಬಸವಣ್ಣೆಮ್ಮ ಮನೆಗೆ ಬಂದು ಬಟ್ಟೆ ಬಿಚ್ಚಿ ಗಾಯ ನೋಡಿದಳು. ಅದು ಹಾಗೇ ಇತ್ತು. ಹಾಗಾದರೆ ಇದು ಸಾಲದು ಎಂದುಕೊಂಡಳು.

ಸೋಮವಾರದ ಒಪ್ಪತ್ತು ಮೊದಲಿನಿಂದಲೂ ಇತ್ತು. ಅದನ್ನು ನಿಟ್ಟುಪವಾಸ ಮಾಡಿದಳು. ಗುರುವಾರ ಸೇರಿಸಿದಳು. ಶ್ರಾವಣ ಬಂದಾಗ ಯಾರೂ ಏಕೆಂದು ಕೇಳುವಂತಿರಲಿಲ್ಲ. ದೇವರ ಹೆಸರಿನಲ್ಲಿ ಉಪವಾಸದ ಮೇಲೆ ಉಪವಾಸ ನಡೆಯಿತು. ಸೀರೆಯ ನೆರಿಗೆ ಹೆಚ್ಚಾಯಿತು, ಕೈಯ ಬಳೆ ಮೊಣಕೈಗೆ ಜಾರತೊಡಗಿದವು.

ಬಳೆ ನೋಡಿಯೇ ಜೈನಾಬೀಗೆ ಅನುಮಾನ ಬಂದದ್ದು. ಪಕ್ಕದ ಬಳೆ ಅಂಗಡಿ ಅವಳದು. ಬಸವಣ್ಣೆಮ್ಮನಿಗೆ ಹೊಸ ಬಳೆ ಇಡಿಸುವಾಗ ಕೈ ಹಿಡಿದು ನೋಡಿದಳು.

"ಏನ್ ಯಕ್ಕಾ, ಕೈ ಕಡ್ಡಿ ಆಗ್ಯಾವಲ್ಲ! ಉಪಾಸ ಹಿಡದೀಯಂತ ಕೇಳೀನಿ. ಗುಳಿಗಿ ನುಂಗಾಕತ್ತೀಯೋ ಬಿಟ್ಟೀಯೋ?"

"ನುಂಗಾಕತ್ತೀನಿ."

"ಯಾ ಅಲ್ಲಾ! ನಮ್ಮ ಮನಿಯವ್ರಿಗೂ ಸಕ್ರಿ ಐತಿ. ರಂಜಾನದಾಗ ರೋಜಾ ಹಿಡಿಯೋದಕ್ಕ ಮೊದಲ ಡಾಕ್ಟ್ರನ್ನ ಕೇಳಿ ಗುಳಿಗಿ ಕಮ್ಮಿ ಮಾಡಿಸ್ಕೊಂತಾರ. ಒಂದ್ ವರ್ಷ ಕೇಳಲಾರದ ಹಿಡದು, ಹೊತ್ತು ಮುಣಗೋದ್ರಾಗ ನಡುಮನ್ಯಾಗ ಬಿದ್ದಿದ್ರು. ನೀ ಕೇಳೀಯೇನು?"

"ಕೇಳೀನಿ" ಎಂದಳು ಬಸವಣ್ಣೆಮ್ಮ. ಜೈನಾಬೀಯ ಮುಖ ನೋಡದೆ ಬಳೆಗಳ ಕಡೆ ನೋಡುತ್ತ ಹೇಳಿದಳು. ಕೇಳಲು ಹೋದರೆ ಡಾಕ್ಟರು ಬೆರಳಿನ ಮಾತು ಎತ್ತುತ್ತಾರೆ. ಆ ಮಾತು ಮತ್ತೊಮ್ಮೆ ಕೇಳುವ ಧೈರ್ಯ ಆಕೆಗಿರಲಿಲ್ಲ.

ಶ್ರಾವಣದ ಒಂದು ಸೋಮವಾರ. ಮಠವೊಂದರ ದಾಸೋಹಕ್ಕೆ ರೊಟ್ಟಿ ಹೋಗಬೇಕಿತ್ತು. ಎರಡೂ ಒಲೆ ಉರಿಯುತ್ತಿದ್ದವು. ಹಿಂದಿನ ದಿನವೂ ಬಸವಣ್ಣೆಮ್ಮ ಹೊಟ್ಟೆಗೆ ಏನೂ ಹಾಕಿರಲಿಲ್ಲ. ಬೆಳಿಗ್ಗೆ ಸ್ನಾನ, ಪೂಜೆ ಮುಗಿಸಿ ನೀರಿನೊಂದಿಗೆ ಗುಳಿಗೆ ನುಂಗಿ ಒಲೆಯ ಮುಂದೆ ಕೂತಿದ್ದಳು.

ಮಧ್ಯಾಹ್ನದ ಹೊತ್ತಿಗೆ ಬೆವರು ಬಂತು. ಒಲೆಯ ಮುಂದೆ ಕೂತವರಿಗೆ ಬೆವರು ಹೊಸದೇ? ಸೆರಗಿನಿಂದ ಒರೆಸಿಕೊಂಡಳು. ಆದರೆ ಈ ಬೆವರು ತಣ್ಣಗಿತ್ತು. ಕತ್ತಿನ ಹಿಂದೆ, ಬೆನ್ನಿಗುಂಟ, ನೀರು ಹನಿಸಿದಂತೆ ಇಳಿಯುತ್ತಿತ್ತು. ತಟ್ಟುತ್ತಿದ್ದ ಕೈ ನಡುಗಿ ರೊಟ್ಟಿಯ ಅಂಚು ಹರಿಯಿತು. ಮುದ್ದೆ ಮಾಡಿ ಮತ್ತೆ ತಟ್ಟಿದಳು. ಮತ್ತೆ ಹರಿಯಿತು. ಎದೆ ಓಡತೊಡಗಿತು, ಯಾರೋ ಬೆನ್ನಟ್ಟಿದಂತೆ. ತಲೆಯೆತ್ತಿ ನೋಡಿದರೆ ಹಿಟ್ಟಿನ ಚೀಲದ ಮೇಲೆ ಅಕ್ಕ ಹಂಪಮ್ಮ ಕೂತಿದ್ದಳು. ಸೀರೆಯನ್ನು ಮೊಣಕಾಲಿನವರೆಗೆ ಎತ್ತಿಕೊಂಡು, ಕೆಳಗೆ ಇಲ್ಲದ ಜಾಗವನ್ನು ತುರಿಸುತ್ತಿದ್ದಳು.

"ಎದ್ದು ಹೋಗ್ ಬೇ" ಎಂದಳು ಬಸವಣ್ಣೆಮ್ಮ. "ನಾ ಏನೂ ತಿಂದಿಲ್ಲ. ನಾ ಬರಂಗಿಲ್ಲ."

ಶಿವಕುಮಾರಿ ಥಟ್ಟನೆ ತಿರುಗಿದಳು. "ಯಾರಿಗೆ ಅಂತೀರಿ ಅತ್ತೀ?"

ಅತ್ತೆಯ ಕಣ್ಣು ತನ್ನ ಮೇಲಿದ್ದರೂ ತನ್ನನ್ನು ನೋಡುತ್ತಿಲ್ಲ ಎಂದು ಆಕೆಗೆ ಹೊಳೆಯಿತು. ಬಸವಣ್ಣೆಮ್ಮ ಎದ್ದಳು. ಒಲೆಗೆ ಕಾಲು ತಗಲುವುದರೊಳಗೆ ಸೊಸೆ ಹಿಡಿದು ಆಚೆ ಎಳೆದಳು. ಇಬ್ಬರೂ ನೆಲಕ್ಕೆ ಬಿದ್ದರು.

"ಜೈನಕ್ಕಾ! ಲಗೂನ ಬರ್ರೀ! ಅತ್ತಿ ಏನೇನೋ ಮಾಡಾಕತ್ಯಾರ!"

ಜೈನಾಬೀ ಬಳೆಯ ಡಬ್ಬಿ ಅಲ್ಲೇ ಬಿಟ್ಟು ಓಡಿ ಬಂದಳು. ಬಸವಣ್ಣೆಮ್ಮನ ತೊಯ್ದ ಹಣೆ ಮುಟ್ಟಿದ್ದೇ ತಡ ಶಿವಕುಮಾರಿಗೆ ಕೂಗಿ ಹೇಳಿದಳು:

"ಸಕ್ರಿ ತಾ! ಚಹಾದ ಸಕ್ರಿ! ಓಡು!"

"ನೀರಾಗ ಕಲಿಸಲೇನ್ರೀ?"

"ನೀರು ಬ್ಯಾಡ, ಎಚ್ಚರ ಸರಿ ಇಲ್ಲ, ನೆತ್ತಿಗೆ ಹತ್ತತೈತಿ. ಒಣದ ತಾ!"

ಸಕ್ಕರೆ ಎಂಬ ಮಾತು ಬಸವಣ್ಣೆಮ್ಮನೊಳಗೆ ಎಲ್ಲಿಗೋ ಹೋಗಿ ತಾಕಿತು. ಎರಡೂ ದವಡೆ ಗಟ್ಟಿಯಾಗಿ ಕಚ್ಚಿಕೊಂಡಳು. ಜೈನಾಬೀ ಬೆರಳಿಗೆ ಸಕ್ಕರೆ ಮೆತ್ತಿಕೊಂಡು ತುಟಿ ಸರಿಸಿದರೆ, ತಲೆಯನ್ನು ಅತ್ತಿಂದಿತ್ತ ಹೊಯ್ದಾಡಿಸಿದಳು. ಒಂದಿಷ್ಟು ಒಳಗೆ ಹೋಯಿತು. ಬಸವಣ್ಣೆಮ್ಮ ಅದನ್ನು ಜೈನಾಬೀಯ ಮುಖಕ್ಕೇ ಉಗುಳಿದಳು.

"ವಿಷ! ವಿಷ ಹಾಕಾಕತ್ತೀರಿ ನನಗ! ಕಾಲು ಕಡೀತಾರ! ಕಾಲು ಕಡೀತಾರ!"

ದಿನಕ್ಕೆ ನೂರಾರು ರೊಟ್ಟಿ ಬಡಿದ ಕೈಗಳು ಅವು. ಹೊಟ್ಟೆಯಲ್ಲಿ ಏನೂ ಇಲ್ಲದಿದ್ದರೂ ಆ ಕೈಗಳ ಬಲ ಹೋಗಿರಲಿಲ್ಲ. ಜೈನಾಬೀಯ ಕೈಯ ಬಳೆಗಳು ಚೂರಾಗಿ ಮಣಿಕಟ್ಟಿನಲ್ಲಿ ರಕ್ತ ಬಂತು. ಆಕೆ ಬಿಡಲಿಲ್ಲ. ಬಸವಣ್ಣೆಮ್ಮನ ತಲೆಯನ್ನು ತೊಡೆಯ ಮೇಲೆ ಪಕ್ಕಕ್ಕೆ ಮಾಡಿ ಒತ್ತಿ ಹಿಡಿದು, ಹಲ್ಲಿನ ಹೊರಗೆ, ಕೆನ್ನೆಯ ಒಳಬದಿಗೆ, ಒಸಡಿಗೆ ಸಕ್ಕರೆ ತಿಕ್ಕುತ್ತಲೇ ಹೋದಳು. ಉಗುಳಿದಷ್ಟೂ ತಿಕ್ಕಿದಳು. ಬಾಯಲ್ಲಿ ಏನೋ ಪಿಸುಗುಡುತ್ತಿದ್ದಳು, ಪ್ರಾರ್ಥನೆಯೋ ಬೈಗುಳವೋ ಶಿವಕುಮಾರಿಗೆ ತಿಳಿಯಲಿಲ್ಲ. ಮೈಯ ಎಳೆದಾಟ ಕಡಿಮೆಯಾಗುತ್ತ ಬಂತು. ಒಳ್ಳೆಯದಕ್ಕೋ ಕೆಟ್ಟದ್ದಕ್ಕೋ ಯಾರಿಗೆ ಗೊತ್ತು? ಆ ಹೊತ್ತಿನಲ್ಲಿ ಶಿವಕುಮಾರಿ ಅತ್ತೆಯ ಮೂಗಿನ ಹತ್ತಿರ ಕೈ ಹಿಡಿದು ಉಸಿರು ಇದೆಯೋ ಇಲ್ಲವೋ ನೋಡುತ್ತಿದ್ದಳು.

ಬಸವಣ್ಣೆಮ್ಮ ಕಣ್ಣು ಬಿಟ್ಟಾಗ ಬಾಯೆಲ್ಲ ಸಿಹಿಯಾಗಿತ್ತು. ಹಂಚಿನ ಮೇಲೆ ಒಂದು ರೊಟ್ಟಿ ಇದ್ದಿಲಾಗಿತ್ತು. ಜೈನಾಬೀಯ ಕೆನ್ನೆಗೆ ಸಕ್ಕರೆ ಹರಳು ಅಂಟಿದ್ದವು.

"ನಾ ಯಾರು? ಹೇಳು."

"ಜೈನಾ" ಎಂದಳು ಬಸವಣ್ಣೆಮ್ಮ. ಜೈನಾಬೀ ಆಗ ಅತ್ತಳು.

ಮಸ್ಕಿಯ ಆಸ್ಪತ್ರೆಯಲ್ಲಿ ಗ್ಲೂಕೋಸ್ ಹಚ್ಚಿದರು. ಎರಡನೆಯ ದಿನ ಆದೆಪ್ಪ ಆಕೆಯನ್ನು ಸಿಂಧನೂರಿಗೆ ಕರೆದೊಯ್ದ. ಈ ಸಲ ಜೈನಾಬೀಯೂ ಬಂದಳು. ಬಸವಣ್ಣೆಮ್ಮ ಹೇಳಲು ತಡವರಿಸಿದ್ದನ್ನೆಲ್ಲ ಆಕೆಯೇ ಹೇಳಿದಳು. ಡಾಕ್ಟರು ಕೇಳಿಸಿಕೊಂಡು ಹಳೆಯ ಚೀಟಿ ತೆಗೆದು ಗುಳಿಗೆಗಳ ಹೆಸರು ನೋಡಿದರು.

"ಊಟ ಬದಲು ಮಾಡಿದ್ದು ಚಲೋ ಆತ್ರೀ" ಎಂದರು. "ಸಕ್ಕರಿ ಇಳದದ್ದು ಅದರಿಂದಾನ. ಆದರ ಊಟ ಇಳಿಸಿದಂಗ ಗುಳಿಗಿನೂ ಇಳಿಸಬೇಕು. ಅದನ್ನ ನಾ ಇಳಿಸಬೇಕು, ನೀವಲ್ಲ. ಒಬ್ಬರ ಮೈಗೆ ಒಗ್ಗಿದ್ದು ಇನ್ನೊಬ್ಬರಿಗೆ ಒಗ್ಗಂಗಿಲ್ಲ. ಅವತ್ತ ಬಾಜೂಕ ಯಾರೂ ಇರಲಿಲ್ಲಂದ್ರ ಏನಾಗತಿತ್ತು ಗೊತ್ತೈತೇನು?"

"ಸಾಯತಿದ್ನಿ" ಎಂದಳು ಬಸವಣ್ಣೆಮ್ಮ.

ಡಾಕ್ಟರು ಒಂದು ಗುಳಿಗೆಯನ್ನು ಪೂರ್ತಿ ನಿಲ್ಲಿಸಿದರು, ಇನ್ನೊಂದನ್ನು ಉಳಿಸಿದರು. ಮಧ್ಯಾಹ್ನ ಒಂದೇ ಒಂದು ಸಣ್ಣ ರೊಟ್ಟಿ, ಅದರ ಮೂರು ಪಟ್ಟು ಪಲ್ಲೆ, ಹೆಸರುಕಾಳು, ಮೊಸರು. ಸಂಜೆ ಹೊತ್ತಿರುವಾಗಲೇ ಊಟ ಮುಗಿಸಿ ಬೆಳಿಗ್ಗೆಯವರೆಗೆ ಬಿಡುವು. ಅದಕ್ಕಿಂತ ದೊಡ್ಡ ಉಪವಾಸ ಹಿಡಿಯಬೇಕಾದರೆ ಕೇಳದೆ ಹಿಡಿಯಕೂಡದು. ಬೆರಳು ಚುಚ್ಚಿ ನೋಡುವ ಸಣ್ಣ ಮಶೀನು ಮನೆಯಲ್ಲಿರಬೇಕು. ಆಮೇಲೆ ಗಾಯ ನೋಡಿದರು. ಬಸವಣ್ಣೆಮ್ಮ ಗೋಡೆಯ ಕಡೆ ಮುಖ ತಿರುಗಿಸಿದಳು.

ಆಕೆ ಕೇಳಲು ಹೆದರಿದ್ದ ಮಾತೇ ಬಂತು. ಕಿರುಬೆರಳಿನ ಪಕ್ಕದ ಬೆರಳು ಉಳಿಯುವಂತಿರಲಿಲ್ಲ.

ಆಪರೇಷನ್ನಿನ ಹಿಂದಿನ ದಿನ ಆಕೆ ಆದೆಪ್ಪನ ಕೈ ಬಿಡಲಿಲ್ಲ. "ಇದು ಮೊದಲನೇದು" ಎಂದಳು. "ಹಂಪಕ್ಕನದೂ ಹಿಂಗ ಸುರುವಾಗಿತ್ತು." ಆದೆಪ್ಪ ಸಮಾಧಾನದ ಮಾತು ಬಲ್ಲವನಲ್ಲ. "ಆಕಿ ಅನ್ನ ರೊಟ್ಟಿ ಏನೂ ಬಿಟ್ಟಿರಲಿಲ್ಲ. ನೀ ಬಿಟ್ಟೀದಿ" ಎಂದ. ಆಕೆಗೆ ಅದು ಸಾಲಲಿಲ್ಲ. ಬೆಳಿಗ್ಗೆ ಒಳಗೆ ಕರೆದೊಯ್ಯುವಾಗ ಕಾಲಿನ ಐದೂ ಬೆರಳನ್ನು ಒಂದೊಂದಾಗಿ ಮುಟ್ಟಿಕೊಂಡು ಹೋದಳು.

ಬೆರಳು ಹೋಯಿತು. ಪಾದ ಉಳಿಯಿತು. ಸಕ್ಕರೆ ಹತೋಟಿಯಲ್ಲಿದ್ದುದರಿಂದಲೇ ಹೊಲಿಗೆ ಬೇಗ ಕೂಡಿತು ಎಂದು ಡಾಕ್ಟರು ಹೇಳಿದರು. ಆದರೆ ಮನೆಗೆ ಬಂದ ಬಸವಣ್ಣೆಮ್ಮನಿಗೆ ಹೊಸದೊಂದು ಹೆದರಿಕೆ ಅಂಟಿಕೊಂಡಿತು. ಮೊದಲು ಸಕ್ಕರೆ ಏರುವ ಹೆದರಿಕೆ ಒಂದೇ ಇತ್ತು. ಈಗ ಇಳಿಯುವ ಹೆದರಿಕೆಯೂ ಸೇರಿತು. ಒಲೆಯ ಮುಂದೆ ಕೂತವಳಿಗೆ ಬೆವರದೆ ನಡೆಯುವುದೇ ಇಲ್ಲ. ಹಣೆಯ ಮೇಲೆ ಒಂದು ಹನಿ ಮೂಡಿದರೆ ಸಾಕು, ಇದು ಬೆಂಕಿಯದೋ ಆ ಬೆವರೋ ಎಂಬ ಅನುಮಾನ. ಹಿಟ್ಟಿನ ಕೈ ತೊಳೆದು ಬೆರಳು ಚುಚ್ಚಿ ನೋಡುವಳು. ಸರಿ ಇರುತ್ತಿತ್ತು. ಮತ್ತೆ ಕೂರುವಳು. ಮತ್ತೆ ಬೆವರುವಳು. ರೊಟ್ಟಿ ತಟ್ಟುವ ಬೆರಳ ತುದಿಗಳೆಲ್ಲ ತೂತು ತೂತಾದವು.

ಕೊನೆಗೆ ಶಿವಕುಮಾರಿ ಒಂದು ದಿನ ಖಡಾಖಂಡಿತ ಹೇಳಿದಳು. "ಅತ್ತೀ, ಒಲಿ ಮುಂದ ನಾ ಕುಂದರತೀನಿ. ನೀವು ಹಿಟ್ಟು ನಾದ್ರಿ, ಗಾಳಿಗೆ ಕುಂದರ್ರಿ. ಅಲ್ಲಿ ಬೆವರು ಬಂದ್ರ ತಿಳೀತೈತಿ."

ಬಸವಣ್ಣೆಮ್ಮ ಬೇಯಿಸುವ ಜಾಗ ಬಿಟ್ಟುಕೊಟ್ಟವಳಲ್ಲ. ಅಂದು ಎದ್ದು ಬಾಗಿಲ ಹತ್ತಿರ ಬಂದು ಕೂತಳು. ಸೊಸೆಯ ರೊಟ್ಟಿ ಸ್ವಲ್ಪ ದಪ್ಪ ಬಂದವು. ಖಾನಾವಳಿಯವರು ಒಂದೆರಡು ವಾರ ಗೊಣಗಿ ಸುಮ್ಮನಾದರು.

ಈಗ ಮೂರು ತಿಂಗಳಿಗೊಮ್ಮೆ ಆಕೆ ಆದೆಪ್ಪನ ಹಿಂದೆ ಮೊಪೆಡ್ ಮೇಲೆ ಸಿಂಧನೂರಿಗೆ ಹೋಗುತ್ತಾಳೆ. ಕಳೆದ ಸಲ ರಿಪೋರ್ಟ್ ಬರುವವರೆಗೆ ಬೆಂಚಿನ ತುದಿಯಲ್ಲಿ ಮುದುಡಿಕೊಂಡು ಕೂತಿದ್ದಳು. ಮೂರು ತಿಂಗಳ ಸರಾಸರಿ ತೋರಿಸುವ ಬೇರೆಯ ಪರೀಕ್ಷೆಯಲ್ಲಿ ಸಕ್ಕರೆ ಮೊದಲು ಶೇಕಡಾ ಹನ್ನೊಂದರ ಮೇಲಿದ್ದದ್ದು ಆರೂವರೆಗೆ ಬಂದಿತ್ತು. "ಬಾಳ ಚಲೋ ಐತ್ರೀ" ಎಂದು ಡಾಕ್ಟರು ನಕ್ಕರು. ಆದೆಪ್ಪನ ಮುಖ ಅರಳಿತು.

ಬಸವಣ್ಣೆಮ್ಮ ನಗಲಿಲ್ಲ. "ಇನ್ನ ಹೋತೇನ್ರೀ ಅದು?" ಎಂದು ಕೇಳಿದಳು.

"ಹೋಗಿಲ್ಲ, ಸುಮ್ಮನ ಕುಂತೈತಿ. ನೀವು ಹಿಂಗ ಇದ್ರ ಅದೂ ಹಂಗ ಇರತೈತಿ."

ಆಕೆ ತಲೆಯಾಡಿಸಿದಳು. ಇಂಥ ಉತ್ತರವನ್ನೇ ನಂಬಬಹುದು ಎನ್ನಿಸಿತೋ ಏನೋ, ಹೊರಗೆ ಬಂದಾಗ ಹೊಸ ಚಪ್ಪಲಿ ತೆಗೆದುಕೊಳ್ಳೋಣ ಎಂದಳು. ಅಂಗಡಿಯವನು ತೋರಿಸಿದ ಎಲ್ಲವನ್ನೂ ಒಳಗೆ ಕೈ ಹಾಕಿ, ಮೊಳೆ ಇದೆಯೋ ಹೊಲಿಗೆಯ ಗಂಟು ಇದೆಯೋ ಎಂದು ಸವರಿ ಸವರಿ ನೋಡಿದಳು. ಅವನಿಗೆ ಬೇಸರ ಬಂತು. ಆದೆಪ್ಪ ಬಿಸಿಲಲ್ಲಿ ಮೊಪೆಡ್ಡಿಗೆ ಒರಗಿ ನಿಂತು, ಆಕೆ ನೋಡಿ ಮುಗಿಸುವವರೆಗೂ ಕಾದ.